ಕಾಡಿನಂಚಿನ ಅಂಗಳಕ್ಕೆ ಯಾವ ಮರ?

ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯಲ್ಲಿ, ಗೋವಾದ ಘಾಟಿ ಇಳಿಯುವ ಮುನ್ನ ಸಿಗುವ ಊರು ಅನಮೋಡ. ಜೋಯಿಡಾ ತಾಲ್ಲೂಕಿನ ಈ ಊರನ್ನು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ಸುತ್ತುವರಿದಿದೆ. ಹಿತ್ತಿಲ ಬೇಲಿ ಹಕ್ಕಿಗೂ ಗೊತ್ತಿಲ್ಲ, ಗಾಳಿಗೂ ಗೊತ್ತಿಲ್ಲ. ಹಾಗಾಗಿ ಇಂಥ ಕಡೆ ಅಂಗಳಕ್ಕೊಂದು ಗಿಡ ತರುವಾಗ ಹೂವಿನ ಬಣ್ಣ ನೋಡುವ ಮೊದಲು, ಅದರ ಬೀಜ ಎಲ್ಲಿಗೆ ಹೋದೀತು ಎಂದು ಕೇಳಿಕೊಳ್ಳಬೇಕು.

ಲಂಟಾನ ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಅದೂ ಉದ್ಯಾನದ ಅಲಂಕಾರಕ್ಕೆಂದೇ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದವು. ಇಂದು ಕರ್ನಾಟಕದ ಎಷ್ಟೋ ಕಾಡುಗಳಲ್ಲಿ ಹುಲ್ಲಿಗೂ ಜಾಗವಿಲ್ಲ. ಬಂಡೀಪುರ, ನಾಗರಹೊಳೆಗಳನ್ನು ಈಗ ಕಾಡುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಹಳದಿ ಹೂವಿನ ಚೆಲುವೆಯೇ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದೇ ಹಳದಿ ಬೇಕೆಂದರೆ ನಮ್ಮ ಕಕ್ಕೆ ಇದೆಯಲ್ಲ! ಗುರುತು ಹಿಡಿಯುವುದು ಸುಲಭ: ಕಕ್ಕೆಯ ಗೊಂಚಲು ಕೆಳಗೆ ಜೋಲುತ್ತದೆ, ಸೆನ್ನಾದ್ದು ಮೇಲಕ್ಕೆ ನಿಲ್ಲುತ್ತದೆ.

ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಕಾಡಿಗೆ ಅಷ್ಟೇನೂ ನುಗ್ಗುವುದಿಲ್ಲ. ಆದರೆ ಅದರ ಬೇರು ಮೇಲ್ಪದರದಲ್ಲೇ ಹರಡುತ್ತದೆ, ಕೊಂಬೆ ಪೆಡಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ನೆನೆದು ಗಾಳಿ ಬೀಸುವ ಘಟ್ಟದಲ್ಲಿ, ಹೆಂಚಿನ ಮನೆಯ ಪಕ್ಕ ಅದನ್ನು ನೆಡುವುದು ಬೇಡ.

ನನ್ನನ್ನು ಕೇಳಿದರೆ ಅನಮೋಡದ ಅಂಗಳಕ್ಕೆ ಮೊದಲ ಮರ ಸೀತಾ ಅಶೋಕ. ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನೆಡುವ 'ಅಶೋಕ' ಬೇರೆಯೇ ಮರ, ಅದು ಸೀತಾಫಲದ ಬಳಗದ್ದು. ನಿಜವಾದ ಅಶೋಕ ಘಟ್ಟದ ತೇವ, ನೆರಳು ಬೇಡುವಂಥದ್ದು. ಎಳೆ ಚಿಗುರು ತಾಮ್ರದ ಬಣ್ಣದಲ್ಲಿ ಬಟ್ಟೆಯಂತೆ ಜೋತುಬಿದ್ದಿರುತ್ತದೆ. ಬಲಿತ ಮೇಲಷ್ಟೇ ಸೆಟೆದು ಹಸಿರಾಗುತ್ತದೆ. ಹೂವಿಗೆ ದಳಗಳೇ ಇಲ್ಲ. ನಾವು ದಳವೆಂದು ನೋಡುವುದು ಪುಷ್ಪಪತ್ರಗಳನ್ನು: ಹಳದಿಯಾಗಿ ಅರಳಿ, ದಿನ ಕಳೆದಂತೆ ಕೆಂಪಾಗುತ್ತವೆ. ಹಳೆಯ ಕೊಂಬೆಯ ತೊಗಟೆಯಿಂದಲೇ ಗೊಂಚಲು ಒಡೆಯುವ ಪರಿಯನ್ನು ನೋಡಿಯೇ ತಿಳಿಯಬೇಕು.

ಬಿಸಿಲಿರುವ, ನೀರು ಹರಿಯುವ ಅಂಚಿಗೆ ಹೊಳೆದಾಸವಾಳ ಒಗ್ಗುತ್ತದೆ. ಬೇಸಿಗೆಯಲ್ಲಿ ನೇರಳೆ ಹೂವಿನಿಂದ ತುಂಬುವ ಈ ಮರವೇ ಮರಾಠಿಗರ 'ತಾಮ್ಹಣ', ಮಹಾರಾಷ್ಟ್ರದ ರಾಜ್ಯಪುಷ್ಪ. ಬೇಲಿಗೆ ಕೇಪಳ ಸಾಕು. ಅದರ ಹೂವಿನ ಸಪೂರ ಕೊಳವೆಯ ತಳದಲ್ಲಿರುವ ಮಕರಂದಕ್ಕೆ ಉದ್ದ ನಾಲಿಗೆಯ ಚಿಟ್ಟೆಗಳು ಬರುತ್ತವೆ; ಹಣ್ಣು ಮಕ್ಕಳಿಗೂ ಹಕ್ಕಿಗೂ.

ಒಂದೇ ಕೋರಿಕೆ. ಅಶೋಕದ ಸಸಿಯನ್ನು ಕಾಡಿನಿಂದ ಕಿತ್ತು ತರಬೇಡಿ. ಔಷಧಿಗಾಗಿ ತೊಗಟೆ ಸುಲಿದೂ ಸುಲಿದೂ ಅದು ಅಪಾಯದಂಚಿನ ಪ್ರಭೇದಗಳ ಪಟ್ಟಿ ಸೇರಿದೆ. ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಸಸಿಯನ್ನೇ ಕೇಳಿ ತನ್ನಿ, ಜೂನ್‌ನ ಮೊದಲ ಮಳೆಗೆ ನೆಡಿ.