ಬಿಸಿಲ ನಾಡಿನಲ್ಲಿ ಯೋಗ: ಲಾಭ ಕಾವಿನದೋ, ನಿತ್ಯದ ಅಭ್ಯಾಸದ್ದೋ?



ಯುಗಾದಿ ದಾಟಿತೆಂದರೆ ಯಾದಗಿರಿ, ಶಹಾಪುರ, ಸುರಪುರ ಭಾಗದ ಬಿಸಿಲು ಹೇಗಿರುತ್ತದೆಂದು ತಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ನಮ್ಮಲ್ಲಿ ಸಾಮಾನ್ಯ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಈ ಎರಡು ತಿಂಗಳು ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿ ಇದೆ.

ಇತ್ತೀಚೆಗೆ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಬೆಂಗಳೂರು, ಪುಣೆಗಳಲ್ಲಿ ದುಡಿಯುವ ಮಕ್ಕಳು ಊರಿಗೆ ಬಂದಾಗ ಮೊಬೈಲಿನಲ್ಲಿ ‘ಹಾಟ್ ಯೋಗ’ದ ವಿಡಿಯೋ ತೋರಿಸುತ್ತಾರೆ. ಆಗ ಮನೆಯವರು ಕೇಳುವುದು ಸಹಜ: “ಅವರು ರೊಕ್ಕ ಕೊಟ್ಟು ಬಿಸಿ ಕೋಣ್ಯಾಗ ಯೋಗ ಮಾಡ್ತಾರಂತ್ರಿ. ನಮ್ಮಲ್ಲಿ ಬಿಸಿಲು ಪುಕ್ಕಟೆ ಐತಲ್ರಿ, ಮಧ್ಯಾಹ್ನ ತಗಡಿನ ಕೆಳಗ ಮಾಡಿದ್ರ ಆಗಂಗಿಲ್ಲೇನ್ರಿ?”

ಇದಕ್ಕೆ ನಮ್ಮ ಉತ್ತರ: ಯೋಗ ಅವಶ್ಯವಾಗಿ ಮಾಡಿ, ನಿತ್ಯವೂ ಮಾಡಿ. ಆದರೆ ಬಿಸಿಲನ್ನು ಅದಕ್ಕೆ ಸೇರಿಸಬೇಡಿ. ಕಾರಣವನ್ನು ಕೆಳಗೆ ವಿವರಿಸಿದೆ.

ಹಾಟ್ ಯೋಗ ಎಂದರೇನು?

ಕೋಲ್ಕತ್ತಾದಲ್ಲಿ ಹುಟ್ಟಿದ ಬಿಕ್ರಮ್ ಚೌಧುರಿ ಎಂಬವರು 1970ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು. ಕೋಣೆಯನ್ನು ಸುಮಾರು 40 ಡಿಗ್ರಿಗೆ ಕಾಯಿಸಿ, ಗಾಳಿಯಲ್ಲಿ ಶೇಕಡಾ 40ರಷ್ಟು ತೇವ ಇರಿಸಿ, 2 ಉಸಿರಾಟದ ಕ್ರಿಯೆಗಳೂ ಸೇರಿ ಒಟ್ಟು 26 ಅಭ್ಯಾಸಗಳನ್ನು 90 ನಿಮಿಷ ಮಾಡಿಸುತ್ತಾರೆ. ಅಂದರೆ ಚಳಿ ದೇಶದವರು ಯಂತ್ರ ಹಚ್ಚಿ ಮಾಡಿಕೊಳ್ಳುವ ಕಾವು ನಮ್ಮ ಮೇ ತಿಂಗಳ ಮಧ್ಯಾಹ್ನದ ಕಾವೇ ಆಗಿದೆ!

ನಮ್ಮ ನಾಡಿನ ಯೋಗಕ್ಕೆ ಇಂಥ ಕೋಣೆ ಬೇಕಾಗಿರಲಿಲ್ಲ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದರು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು. ನಾಲ್ಕು ಸುತ್ತು ಸೂರ್ಯ ನಮಸ್ಕಾರ ಹಾಕಿದರೆ ಮೈ ತಾನಾಗಿಯೇ ಬಿಸಿಯಾಗುತ್ತದೆ. ಆಸನಕ್ಕೆ ಅಷ್ಟು ಕಾವು ಸಾಕು.

ಸಂಶೋಧನೆ ಏನು ಹೇಳುತ್ತದೆ?

2018ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ಒಂದು ಅಧ್ಯಯನ ಪ್ರಕಟವಾಯಿತು. 40ರಿಂದ 60 ವಯಸ್ಸಿನವರಲ್ಲಿ ಒಂದು ಗುಂಪು ಬಿಸಿ ಕೋಣೆಯಲ್ಲಿ, ಇನ್ನೊಂದು ಗುಂಪು ಸಾಧಾರಣ ಕೋಣೆಯಲ್ಲಿ ಅವೇ ಆಸನಗಳನ್ನು 12 ವಾರ ಮಾಡಿತು. ಎರಡೂ ಗುಂಪಿನವರ ರಕ್ತನಾಳಗಳು ಹಿಗ್ಗುವ ಶಕ್ತಿ ಸುಧಾರಿಸಿತು. ಈ ವಿಷಯದಲ್ಲಿ ಕಾವಿನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಮನಸ್ಸಿನ ವಿಷಯದಲ್ಲೂ ಒಂದು ಅಧ್ಯಯನವಿದೆ. 2023ರಲ್ಲಿ ಬಾಸ್ಟನ್ ನಗರದ ಸಂಶೋಧಕರು ಖಿನ್ನತೆ ಇರುವವರಿಗೆ 8 ವಾರ ಬಿಸಿ ಕೋಣೆಯ ಯೋಗ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ರೋಗಲಕ್ಷಣ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಇದು ಸಂತೋಷದ ಸಂಗತಿ. ಆದರೆ ಅವರನ್ನು ಹೋಲಿಸಿದ್ದು ಯೋಗವನ್ನೇ ಮಾಡದೆ ಸರದಿಗಾಗಿ ಕಾದವರೊಂದಿಗೆ. ಆದ್ದರಿಂದ ಆ ಗುಣ ಕಾವಿನದೋ ಯೋಗದ್ದೋ ಎಂದು ಅದರಿಂದ ತೀರ್ಮಾನಿಸಲಾಗದು.

ನಿತ್ಯದ ಯೋಗದಿಂದ ಆಗುವ ಲಾಭಗಳು

1. ರಕ್ತದೊತ್ತಡ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಗೆ ಸಹಾಯವಾಗುತ್ತದೆ. ಆದರೆ ಯೋಗ ಶುರುಮಾಡಿದೆವೆಂದು ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತಾವಾಗಿಯೇ ನಿಲ್ಲಿಸಬಾರದು.

2. ಬಹಳ ದಿನದ ಸೊಂಟನೋವಿಗೆ ಮೊದಲು ಮಾಡಿ ನೋಡಬೇಕಾದ ಉಪಾಯಗಳಲ್ಲಿ ಯೋಗವೂ ಒಂದೆಂದು ಅಮೆರಿಕದ ವೈದ್ಯರ ಸಂಘ 2017ರಲ್ಲಿ ಸಲಹೆ ನೀಡಿದೆ.

3. ಇಳಿವಯಸ್ಸಿನವರಿಗೆ ಕಾಲಿನ ಬಲ ಮತ್ತು ಸಮತೋಲನ ಹೆಚ್ಚುತ್ತದೆ, ಜೋಲಿ ತಪ್ಪಿ ಬೀಳುವ ಭಯ ಕಡಿಮೆಯಾಗುತ್ತದೆ.

4. ಉಸಿರು ನಿಧಾನವಾದಂತೆ ಎದೆಬಡಿತವೂ ನಿಧಾನವಾಗುತ್ತದೆ. ಚಿಂತೆ, ಸಿಟ್ಟು ಕಡಿಮೆಯಾಗಿ ನಿದ್ದೆ ಚೆನ್ನಾಗಿ ಬರುತ್ತದೆ.

“ನಾವು ಹೊಲದಾಗ ದಿನಾ ದುಡೀತೀವಿ, ನಮಗ್ಯಾಕ ಯೋಗ?” ಎಂದು ಕೆಲವರು ಕೇಳುತ್ತಾರೆ. ಕಳೆ ತೆಗೆಯುವಾಗ, ಭತ್ತ ನಾಟಿ ಮಾಡುವಾಗ ಇಡೀ ದಿನ ಬೆನ್ನು ಮುಂದಕ್ಕೇ ಬಾಗಿರುತ್ತದೆ. ಅದೇ ಸ್ನಾಯುಗಳು ದಣಿಯುತ್ತವೆ. ಬೆನ್ನನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸುವ ಭುಜಂಗಾಸನದಂಥ ಆಸನ ಅದಕ್ಕೆ ಎದುರು ದಿಕ್ಕಿನ ವಿಶ್ರಾಂತಿ ಕೊಡುತ್ತದೆ.

ಕಾವು ಸೇರಿದರೆ ತೊಂದರೆ ಏನು?

ಬಿಸಿಲಿನಲ್ಲಿ ಮೈ ತಂಪಾಗಿಸಲು ಹೃದಯವು ಹೆಚ್ಚು ರಕ್ತವನ್ನು ಚರ್ಮಕ್ಕೆ ಕಳಿಸಬೇಕು. ಆಸನ ಮಾಡುವಾಗ ಸ್ನಾಯುಗಳಿಗೂ ರಕ್ತ ಬೇಕು. ಎರಡೂ ಕೂಡಿದರೆ ಹೃದಯಕ್ಕೆ ಇಮ್ಮಡಿ ಕೆಲಸ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಗಾಳಿಯಾಡದ ತಗಡಿನ ಮನೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬಿಸಿ ಕೋಣೆಯ ಯೋಗದಲ್ಲಿ ಆರೋಗ್ಯವಂತರಲ್ಲೇ ಕೆಲವರ ದೇಹದ ಒಳಗಿನ ಉಷ್ಣತೆ 39 ಡಿಗ್ರಿ ದಾಟಿದ್ದು ಅಳತೆಯಲ್ಲಿ ಕಂಡುಬಂದಿದೆ.

ಬೆವರಿನಲ್ಲಿ ಮೈಯ ವಿಷ ಹೊರಗೆ ಹೋಗುತ್ತದೆಂಬ ಮಾತು ನಿಜವಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಬೆವರು ಸುರಿಸಿ ಇಳಿಸಿದ ತೂಕವೂ ನೀರಿನದೇ, ಎರಡು ತಂಬಿಗೆ ನೀರು ಕುಡಿದರೆ ಮರಳಿ ಬರುತ್ತದೆ. ಕಾವಿನಲ್ಲಿ ಮೈ ಹೆಚ್ಚು ಬಾಗಿದಂತೆ ಅನಿಸಿ ಅಳತೆ ಮೀರಿ ಎಳೆದು ಕೀಲು ಉಳುಕುವುದೂ ಉಂಟು.

ವಿಶೇಷ ಎಚ್ಚರಿಕೆ ಯಾರಿಗೆ?

* ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಇರುವವರು, ಮೂತ್ರ ಹೆಚ್ಚಿಸುವ ಬಿ.ಪಿ. ಗುಳಿಗೆ ನುಂಗುವವರು.
* ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು. ಬರಿಹೊಟ್ಟೆಯಲ್ಲಿ ಬಹಳ ಹೊತ್ತು ಮಾಡಬೇಡಿ, ಬೆಲ್ಲ ಅಥವಾ ಸಕ್ಕರೆ ಹತ್ತಿರ ಇರಲಿ.
* ಗರ್ಭಿಣಿಯರು, ಬಾಣಂತಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು.
* ಕಣ್ಣಿನ ಒತ್ತಡ ಇರುವವರು ತಲೆಕೆಳಗಾಗುವ ಆಸನ ಮಾಡಬಾರದು. ಬೆನ್ನಿನ ಡಿಸ್ಕ್ ಜಾರಿದವರು ಮುಂದೆ ಬಾಗಬಾರದು.

ಇವರೆಲ್ಲರೂ ಮೊದಲು ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು.

ನಮ್ಮ ಹವೆಗೆ ತಕ್ಕ ಅರ್ಧ ತಾಸಿನ ಅಭ್ಯಾಸ

ಸೂರ್ಯ ಹುಟ್ಟುವ ಮುಂಚಿನ ಹೊತ್ತು ಉತ್ತಮ. ರಾತ್ರಿಯ ತಂಪು ಹಿಡಿದ ಮಾಳಿಗೆ ಅಥವಾ ಗಾಳಿಯಾಡುವ ಪಡಸಾಲೆಯಲ್ಲಿ ಜಮಖಾನೆ ಹಾಸಿರಿ. ಸಡಿಲವಾದ ಹತ್ತಿ ಬಟ್ಟೆ ಇರಲಿ.

1. ಕುತ್ತಿಗೆ, ಹೆಗಲು, ಮೊಣಕಾಲು, ಪಾದ ಸಡಿಲಿಸುವುದು: 5 ನಿಮಿಷ.
2. ನಿಂತು ತಾಡಾಸನ, ಅರ್ಧಕಟಿ ಚಕ್ರಾಸನ, ಗೋಡೆ ಹಿಡಿದು ವೃಕ್ಷಾಸನ: 8 ನಿಮಿಷ.
3. ಬೋರಲು ಮಲಗಿ ಭುಜಂಗಾಸನ, ಅಂಗಾತ ಮಲಗಿ ಪವನಮುಕ್ತಾಸನ: 7 ನಿಮಿಷ. ಗರ್ಭಿಣಿಯರು ಇವನ್ನು ಬಿಡಬೇಕು.
4. ನಾಡಿಶೋಧನ, ಭ್ರಾಮರಿ: 5 ನಿಮಿಷ. ಬೇಸಿಗೆಯಲ್ಲಿ ಶೀತಲಿಯೂ ಹಿತ. ಅದು ಬಾಯಿಗೆ ತಂಪು ಕೊಡುತ್ತದೆ, ಆದರೆ ನೀರಿಗೆ ಬದಲಿಯಲ್ಲ.
5. ಶವಾಸನ: 5 ನಿಮಿಷ. ಇದನ್ನು ತಪ್ಪಿಸಬೇಡಿ.

ಆಸನ ಮಾಡುವಾಗ ಉಸಿರು ಬಿಗಿ ಹಿಡಿಯಬಾರದು. ನೆಲಕ್ಕೆ ಕುಳಿತುಕೊಳ್ಳಲಾಗದವರು ಕುರ್ಚಿಯ ಮೇಲೆ ಕುಳಿತು ಮಾಡಬಹುದು. ಮುಗಿದ ಮೇಲೆ ನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಕುಡಿಯಿರಿ. ನೀರು, ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ ಅದರಂತೆಯೇ ನಡೆಯಿರಿ. ವಾರಕ್ಕೊಮ್ಮೆ ಎರಡು ತಾಸು ಮಾಡುವುದಕ್ಕಿಂತ ದಿನವೂ ಅರ್ಧ ತಾಸು ಮಾಡುವುದು ಮೇಲು.

ಇವು ಕಂಡರೆ ತಕ್ಷಣ ನಿಲ್ಲಿಸಿ

ತಲೆ ಸುತ್ತು, ವಾಕರಿಕೆ, ಸ್ನಾಯು ಹಿಡಿತ ಬಂದರೆ ನೆರಳಿಗೆ ಬಂದು ಮಲಗಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಎದೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ.

ಮೈ ಸುಡುತ್ತಿದ್ದು ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ, ಪ್ರಾಣಕ್ಕೆ ಅಪಾಯ. ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಬಂಧುಗಳೇ, ಕಾವು ನಮ್ಮಲ್ಲಿ ಬೇಕಾದಷ್ಟಿದೆ. ನಮಗೆ ಬೇಕಾದದ್ದು ದಿನದ ಅರ್ಧ ತಾಸು ಮಾತ್ರ. ನಾಳೆ ನಸುಕಿನಲ್ಲೇ ಪ್ರಾರಂಭಿಸಿ. ಈ ಹಾಳೆಯನ್ನು ಓದಲು ಬಾರದ ಹಿರಿಯರಿಗೂ ಮನೆಯಲ್ಲಿ ಓದಿ ಹೇಳಿರಿ.