ಹಳೆಯ ಕಾರಿಗೆ ಬದಲಾಗಿ ಸಣ್ಣ ಕಾರು: ಕೊಳ್ಳುವ ಮುನ್ನ ಒಂದು ಲೆಕ್ಕ

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆ ಬಳಿಕ ತಪಾಸಣೆಗೊಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ದುರಸ್ತಿಯ ವೆಚ್ಚವೂ ಏರುತ್ತಿದ್ದಲ್ಲಿ ಕಾರನ್ನು ಬದಲಿಸುವುದೇ ಲೇಸು. 4 ಮೀಟರ್ ಉದ್ದ ಹಾಗೂ 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿರುವುದು ಕೊಳ್ಳುವವರಿಗೆ ಅನುಕೂಲಕರ.

ಆದರೆ ಮೈಲೇಜ್ ಒಂದನ್ನೇ ನೋಡಿ ಮರುಳಾಗಬಾರದು. ತಿಂಗಳಿಗೆ 480 ಕಿ.ಮೀ. ಓಡಿಸುವ ಕುಟುಂಬಕ್ಕೆ ಲೀಟರಿಗೆ 20 ಕಿ.ಮೀ. ಕೊಡುವ ಕಾರಿನಲ್ಲಿ 24 ಲೀಟರ್, 24 ಕಿ.ಮೀ. ಕೊಡುವ ಕಾರಿನಲ್ಲಿ 20 ಲೀಟರ್ ಪೆಟ್ರೋಲ್ ಬೇಕು. ಉಳಿತಾಯ ಕೇವಲ 4 ಲೀಟರ್! ಇದಕ್ಕಾಗಿ ಅರ್ಧ ಲಕ್ಷ ರೂಪಾಯಿ ಹೆಚ್ಚು ತೆತ್ತರೆ ಅದು ಮರಳಲು ಹತ್ತಾರು ವರ್ಷಗಳೇ ಬೇಕು. ನಿತ್ಯವೂ ಕಚೇರಿಗೆ ಬಹುದೂರ ಸಾಗುವವರಿಗೆ ಸಿಎನ್‌ಜಿ ಲಾಭದಾಯಕ; ಆದರೆ ಅದರ ಸಿಲಿಂಡರ್ ಡಿಕ್ಕಿಯ ಜಾಗವನ್ನು ಆಕ್ರಮಿಸುವುದರಿಂದ, ರಜೆಯಲ್ಲಿ ಸಾಮಾನು ಸಹಿತ ಊರಿಗೆ ತೆರಳುವವರು ಯೋಚಿಸಬೇಕು.

ಕಡಿಮೆ ಓಡಿಸುವವರು ಆ ಹಣವನ್ನು ಸುರಕ್ಷತೆಗೆ ವಿನಿಯೋಗಿಸುವುದು ಒಳಿತು. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ತಾರಾಂಕಗಳನ್ನು ಪರಿಶೀಲಿಸಿರಿ. ಮನೆಯ ಸಮೀಪದಲ್ಲಿ ಸರ್ವಿಸ್ ಕೇಂದ್ರವಿದೆಯೇ ಎಂಬುದನ್ನೂ ವಿಚಾರಿಸಿರಿ. ಹಳೆಯ ಕಾರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೇ ಒಪ್ಪಿಸಿ ಪ್ರಮಾಣಪತ್ರ ಪಡೆದರೆ ಹೊಸ ಕಾರಿನ ನೋಂದಣಿ ಶುಲ್ಕದಲ್ಲಿ ವಿನಾಯಿತಿಯುಂಟು. ತಿಂಗಳ ಓಡಾಟವನ್ನು ಮೊದಲು ಬರೆದಿಟ್ಟುಕೊಂಡು, ಅನಂತರವೇ ಷೋರೂಮಿಗೆ ತೆರಳಿರಿ.