ಹೊಟ್ಟೆಯೊಳಗಿನ ಕೆಂಪೆಲ್ಲ ಕ್ಯಾನ್ಸರ್ ಅಲ್ಲ

ದಸರೆಗೆ ದೇವರಗುಡ್ಡದಲ್ಲಿ ಬಿಲ್ಲೇರಿದ ಗೊರವಯ್ಯ ಭವಿಷ್ಯವಾಣಿಯಾಗಿ ನುಡಿಯುವುದು ಒಂದೇ ಸಾಲು. ಅರ್ಥ ಹಚ್ಚುವವರು ಜನ. ಎಂಡೋಸ್ಕೋಪಿ ವರದಿಯಲ್ಲಿನ ‘ಗ್ಯಾಸ್ಟ್ರೈಟಿಸ್’ಗೂ ನಮ್ಮ ಕಡೆ ಹಾಗೇ ಅರ್ಥ ಹಚ್ಚುತ್ತಾರೆ. ಒಬ್ಬರಿಗೆ ಅದು ಬರೀ ಗ್ಯಾಸು, ಇನ್ನೊಬ್ಬರಿಗೆ ಕ್ಯಾನ್ಸರ್ ಬಂದೇಬಿಟ್ಟಿತೆಂಬ ದಿಗಿಲು. ಎರಡೂ ತಪ್ಪು.

ಗ್ಯಾಸ್ಟ್ರೈಟಿಸ್ ಎಂದರೆ ಜಠರದ ಒಳಪೊರೆಯ ಉರಿಯೂತ. ಎಂಡೋಸ್ಕೋಪಿ ಕೊಳವೆಯ ಕ್ಯಾಮೆರಾದಲ್ಲಿ ಕೆಂಪಗೆ ಕಂಡರೆ ಹಾಗೆ ಬರೆಯುವುದುಂಟು. ಆದರೆ ಕೆಂಪಿದ್ದಲ್ಲೆಲ್ಲ ಉರಿಯೂತ ಇರುವುದಿಲ್ಲ, ಚೆನ್ನಾಗಿ ಕಂಡ ಪೊರೆಯಲ್ಲೂ ಇರಬಹುದು. ಖಚಿತವಾಗುವುದು ಬಯಾಪ್ಸಿಯಿಂದಲೇ. ಜಠರದ ಕೆಳಭಾಗದಿಂದಲೂ ನಡುಭಾಗದಿಂದಲೂ ಕೆಲವೇ ಮಿಲಿಮೀಟರಿನ ಚೂರುಗಳನ್ನು ಪುಟ್ಟ ಚಿಮಟದಿಂದ ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆಂದು ಹೆದರಿ ಬೇಡ ಎನ್ನುವವರನ್ನು ಕಂಡರೆ ಸಂಕಟವಾಗುತ್ತದೆ. ಅದರಿಂದ ಕ್ಯಾನ್ಸರ್ ಹರಡುವುದಿಲ್ಲ. ಚೂರು ತೆಗೆದದ್ದು ನೋವಾಗಿ ತಿಳಿಯುವುದೂ ಇಲ್ಲ.

ಆ ಚೂರು ಹೇಳುವುದೇ ಮುಖ್ಯ: ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇದೆಯೇ, ಗ್ರಂಥಿಗಳು ಸವೆದಿವೆಯೇ, ಜಠರದ ಕೋಶಗಳು ಕರುಳಿನ ಕೋಶಗಳಂತೆ ಮಾರ್ಪಟ್ಟಿವೆಯೇ? ಸವೆತವೂ ಮಾರ್ಪಾಡೂ ಹರಡಿಕೊಂಡಷ್ಟು ಕ್ಯಾನ್ಸರ್ ಅಪಾಯ ಹೆಚ್ಚು. ಅದು ದಶಕಗಳ ದಾರಿ, ಹೆಚ್ಚಿನವರು ಕ್ಯಾನ್ಸರ್‌ವರೆಗೆ ಹೋಗುವುದೇ ಇಲ್ಲ.

ಜಠರದಲ್ಲಿ ಹುಣ್ಣು, ಅಂದರೆ ಅಲ್ಸರ್ ಬಂದರೆ ಬೈಗುಳ ಬೀಳುವುದು ಬ್ಯಾಡಗಿ ಮೆಣಸಿನಕಾಯಿಗೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದೇ ಅದಕ್ಕೆ ಹೆಸರು! ಖಾರ ಇದ್ದ ಉರಿಯನ್ನು ಹೆಚ್ಚಿಸಬಹುದು, ನಿಜ. ಆದರೆ ಅಲ್ಸರ್‌ನ ಮುಖ್ಯ ಕಾರಣ ಪೈಲೋರಿ ಮತ್ತು ಮೈಕೈ ನೋವಿಗೆ ನುಂಗುವ ಮಾತ್ರೆಗಳು. ಪೈಲೋರಿಯನ್ನು ಪತ್ತೆ ಮಾಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. 1994ರಲ್ಲೇ ಅದನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಘೋಷಿಸಿತ್ತು. ಸಾಮಾನ್ಯವಾಗಿ 14 ದಿನಗಳ ಔಷಧ ಕೋರ್ಸ್‌ನಿಂದ ಅದನ್ನು ನಿರ್ಮೂಲ ಮಾಡಬಹುದು. ಅತಿ ಉಪ್ಪು, ತಂಬಾಕು ಕೂಡ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತವೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವ, ಆಸಿಡ್ ತಗ್ಗಿಸುವ ಮಾತ್ರೆ. ಉರಿ ತಗ್ಗುತ್ತದೆ, ಪರೀಕ್ಷೆಯಲ್ಲಿ ಪೈಲೋರಿಯೂ ತಪ್ಪಿಸಿಕೊಳ್ಳಬಹುದು. ಹಾಗಾಗಿ ಪೈಲೋರಿ ಪರೀಕ್ಷೆಗೆ ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ. ತೂಕ ಇಳಿಯುವುದು, ಮಲ ಡಾಂಬರಿನಷ್ಟು ಕಪ್ಪಾಗುವುದು, ನುಂಗಲು ತೊಡಕು, ಬಿಡದ ವಾಂತಿ, ರಕ್ತಹೀನತೆ ಕಂಡರೆ ಮಾತ್ರ ಕಾಯಬೇಡಿ. ಎಂಡೋಸ್ಕೋಪಿಗೆ ಹೆದರಬೇಕಿಲ್ಲ: ಕೊಳವೆ ಇಳಿಯುವುದು ಅನ್ನನಾಳದಲ್ಲಿ, ಉಸಿರು ಕಟ್ಟುವುದಿಲ್ಲ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸುತ್ತಾರೆ, ಐದು-ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.